ಶಿಶುನಾಳದ ಶರೀಫರು ಮತ್ತು ನಮ್ಮ ಸಹನೆ



ಕಳೆದ ಶ್ರಾವಣದಲ್ಲಿ ಒಂದು ಹಳ್ಳಿಯಲ್ಲಿ ಪುರಾಣ ಮಂಗಲಗೊಂಡ ರಾತ್ರಿ, ಎಂಬತ್ತು ದಾಟಿದ ಹಿರಿಯರೊಬ್ಬರು ನಮ್ಮ ಬಳಿ ಬಂದು ಕುಳಿತರು. ಪ್ರಸಾದ ಮುಗಿದಿತ್ತು, ಜನ ಚದುರಿದ್ದರು. ತಾವು ಹುಡುಗರಾಗಿದ್ದಾಗ ಊರಲ್ಲಿ ಹತ್ತು ಜನಕ್ಕೆ ಹತ್ತು ವಿಚಾರಗಳಿದ್ದವು, ಆದರೂ ಒಂದೇ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆವು. ಈಗ ಒಂದು ಮಾತು ಒಪ್ಪಿಗೆಯಾಗದಿದ್ದರೆ ಅಣ್ಣ ತಮ್ಮಂದಿರೂ ಮುಖ ತಿರುಗಿಸುತ್ತಾರೆ ಎಂದು ಅವರು ನೊಂದು ನುಡಿದರು. ಕಾಲ ಕೆಟ್ಟಿತೋ ಮನುಷ್ಯ ಕೆಟ್ಟನೋ ಎಂಬುದು ಅವರ ಪ್ರಶ್ನೆ.

ಕಲಿಯುಗದ ಮಹಿಮೆ ಎಂದು ಹೇಳಿ ಕೈ ತೊಳೆದುಕೊಳ್ಳುವುದು ನಮಗೆ ಸುಲಭವಿತ್ತು. ಆದರೆ ಹಿರಿಯರು ಮನಸ್ಸು ಬಿಚ್ಚಿ ಕೇಳಿದ ಪ್ರಶ್ನೆಗೆ ಅಂಥ ಉತ್ತರ ಸಲ್ಲದು. ಒಂದು ಕಾಲದ ಸಹನೆಯನ್ನು ಅಳೆಯಬೇಕಾದರೆ ಆ ಕಾಲದಲ್ಲಿ ಎಲ್ಲರಿಗಿಂತ ಬೇರೆಯಾಗಿ ಬದುಕಿದ ಒಬ್ಬನ ಬಾಳನ್ನು ನೋಡಬೇಕು. ಅಂಥವನನ್ನು ಊರು ಹೇಗೆ ನಡೆಸಿಕೊಂಡಿತು ಎಂಬುದರಲ್ಲಿ ಆ ಊರಿನ ಗುಣ ಕಾಣುತ್ತದೆ. ಆದುದರಿಂದ ಇಂದಿನ ಚಿಂತನೆಗೆ ನಾವು ಶಿಶುನಾಳದ ಶರೀಫ ಸಾಹೇಬರ ಬದುಕನ್ನು ತೆಗೆದುಕೊಂಡಿದ್ದೇವೆ. ಅವರ ಪದಗಳನ್ನು ನೀವೆಲ್ಲ ಬಲ್ಲಿರಿ. ಬಾಳಿನ ಕಡೆಗೆ ಸ್ವಲ್ಪ ಲಕ್ಷ್ಯ ಕೊಡೋಣ.

ಶರೀಫರು ಹುಟ್ಟಿದ್ದು 1819ರಲ್ಲಿ. ಅದರ ಹಿಂದಿನ ವರ್ಷವೇ, ಅಂದರೆ 1818ರಲ್ಲಿ, ಪೇಶವೆಯರ ಆಳ್ವಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷ್ ಕಂಪನಿಯ ಕೈ ಸೇರಿತ್ತು. ಶಿಶುನಾಳವು ಇಂದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿದೆ. 1997ರಲ್ಲಿ ಹೊಸ ಜಿಲ್ಲೆಯಾಗುವ ತನಕ ಅದು ಧಾರವಾಡ ಜಿಲ್ಲೆಯ ಊರು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಬಹಳ ದಿನ ಮಕ್ಕಳಿಲ್ಲದ ಈ ದಂಪತಿಗಳು ಹುಲಗೂರಿನ ಖಾದರ ಶಾ ವಲಿಯವರ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗನೆಂದು ಆ ಭಾಗದ ಜನ ಇಂದಿಗೂ ಹೇಳುತ್ತಾರೆ. ಆ ವಲಿಗಳಾದರೋ ಹಿಂದೂ ಮುಸಲ್ಮಾನರೆಂಬ ಭೇದವನ್ನು ಮಾಡದ ಸಂತರೆಂದು ಹೆಸರಾದವರು. ಹೀಗೆ ಶರೀಫರು ಹುಟ್ಟುವ ಮೊದಲೇ ಎರಡು ದಾರಿಗಳು ಆ ಮನೆಯ ಅಂಗಳದಲ್ಲಿ ಕೂಡಿದ್ದವು.

ಇಮಾಮ ಸಾಹೇಬರು ಮಗನಿಗೆ ಕುರಾನಿನ ಜೊತೆಗೆ ರಾಮಾಯಣ, ಮಹಾಭಾರತಗಳ ಕಥೆಗಳನ್ನೂ, ಶರಣರ ಚರಿತ್ರೆಗಳನ್ನೂ ಕೇಳಿಸಿದರು. ಚಾಮರಸನ ಪ್ರಭುಲಿಂಗಲೀಲೆ ಶರೀಫರಿಗೆ ಬಾಯಿಪಾಠವಾಗಿತ್ತೆಂದು ಹಿರಿಯರಿಂದ ಕೇಳಿದ್ದೇವೆ. ಅಲ್ಲಮಪ್ರಭುಗಳ ಕಥೆಯನ್ನು ಹೇಳುವ ಆ ಕಾವ್ಯವನ್ನು ಒಬ್ಬ ಮುಸಲ್ಮಾನ ಬಾಲಕ ರಾಗವಾಗಿ ಓದುವಾಗ ಊರ ಜನ ಕುಳಿತು ಕೇಳಿದರು. ಯಾರ ಪುಸ್ತಕವನ್ನು ಯಾರು ಓದಬೇಕೆಂಬ ಕಟ್ಟು ಅಲ್ಲಿ ಇರಲಿಲ್ಲವೆಂದಲ್ಲ. ಅದನ್ನು ಸಡಿಲ ಮಾಡಿದ ತಂದೆ ಒಬ್ಬನಿದ್ದನು. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಆ ಸೀಮೆಯಲ್ಲಿ ಕಳಸದ ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುಗಳಿದ್ದರು. ವೇದ ಬಲ್ಲವರು, ದೇವಿಯ ಉಪಾಸಕರು, ಆದರೆ ಮಡಿ ಮೈಲಿಗೆಯ ಗೆರೆಗಳನ್ನು ಲೆಕ್ಕಿಸದ ಅವಧೂತ ಸ್ವಭಾವದವರು. ಬಾಲಕ ಶರೀಫರನ್ನು ಅವರು ಮೊದಲ ಸಲ ಕಂಡಾಗ ನಿನ್ನ ತಂದೆ ಯಾರೆಂದು ಕೇಳಿದರಂತೆ. ಗುರುಗಳಿಗೆ ಯಾರು ತಂದೆಯೋ ತನಗೂ ಅವನೇ ತಂದೆಯೆಂಬ ಅರ್ಥದಲ್ಲಿ ಹುಡುಗ ಉತ್ತರ ಕೊಟ್ಟನಂತೆ. ಅದನ್ನು ಉದ್ಧಟತನವೆಂದು ತಿಳಿದು ಕಿವಿ ಹಿಂಡುವ ಗುರುವೂ ಇರುತ್ತಾನೆ. ಗೋವಿಂದ ಭಟ್ಟರು ಹಿಂಡಲಿಲ್ಲ. ಆ ಮಾತಿನಲ್ಲಿದ್ದ ಬೆಳಕನ್ನು ಗುರುತಿಸಿ ಹುಡುಗನನ್ನು ಶಿಷ್ಯನನ್ನಾಗಿ ಮಾಡಿಕೊಂಡರು.

ಮುಂದೆ ಶರೀಫರು ಸುತ್ತಲಿನ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಕೆಲ ಕಾಲ ಮಾಸ್ತರಿಕೆ ಮಾಡಿದರು. ಕುಂದಗೋಳದ ಫಾತಿಮಾ ಎಂಬವರೊಡನೆ ಲಗ್ನವಾಯಿತು, ಒಂದು ಹೆಣ್ಣು ಮಗುವಾಯಿತು. ಆದರೆ ಮಡದಿಯೂ ಮಗಳೂ ಬಹಳ ಕಾಲ ಬಾಳಲಿಲ್ಲ. ಮಾಸ್ತರಿಕೆಯೂ ಉಳಿಯಲಿಲ್ಲ, ಸಂಸಾರವೂ ಉಳಿಯಲಿಲ್ಲ. ಬಡತನ ಮಾತ್ರ ಕೊನೆಯ ತನಕ ಜೊತೆಗಿತ್ತು. ಮನೆಯ ಮಾಳಿಗೆ ಸೋರುವುದನ್ನು ಕಂಡು ಅಜ್ಞಾನದಿಂದ ಸೋರುವ ಮನಸ್ಸಿನ ಮೇಲೆ ಪದ ಕಟ್ಟಿದ ಕವಿ ಆತ. ಕಂಡದ್ದೆಲ್ಲ ಅವರಿಗೆ ಪದವಾಯಿತು. ಪ್ರತಿಯೊಂದು ಪದದ ಕೊನೆಗೆ ತಮ್ಮ ಹೆಸರನ್ನು ಹಾಕಿಕೊಳ್ಳದೆ ಊರ ದೈವವಾದ ಶಿಶುನಾಳಧೀಶನನ್ನು ನೆನೆದರು. ಮೊಹರಮ್ಮಿನ ಅಲಾವಿ ಪದಗಳನ್ನೂ ಅವರೇ ಕಟ್ಟಿದರು, ದೇವಿಯ ಸ್ತುತಿಯನ್ನೂ ಅವರೇ ಮಾಡಿದರು, ಗುರುವಿನ ಹಾಡನ್ನೂ ಅವರೇ ಹಾಡಿದರು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಅಂದಿನ ಸಮಾಜ ಇದನ್ನೆಲ್ಲ ಹೂಮಾಲೆ ಹಾಕಿ ಸ್ವಾಗತಿಸಿತೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಗೋವಿಂದ ಭಟ್ಟರು ಶರೀಫರ ಮನೆಯಲ್ಲಿ ಉಂಡದ್ದು ಅಗ್ರಹಾರದವರಿಗೆ ಸಹನೆಯಾಗಲಿಲ್ಲ. ಮುಸಲ್ಮಾನನಿಗೆ ಮಂತ್ರ ಹೇಳಿಕೊಟ್ಟದ್ದಕ್ಕಾಗಿ ಅವರನ್ನು ಜಾತಿಯಿಂದ ಹೊರಗಿಡುವ ಮಾತು ನಡೆಯಿತೆಂದು ಕಥೆಗಳು ಹೇಳುತ್ತವೆ. ಇತ್ತ ಮುಸಲ್ಮಾನ ಬಾಂಧವರಲ್ಲಿಯೂ ತಮ್ಮ ಹುಡುಗ ಕೈ ತಪ್ಪಿ ಹೋದನೆಂಬ ಕೋಪವಿತ್ತು. ಇಷ್ಟೆಲ್ಲ ಆದ ಮೇಲೂ ಗುರುಗಳು ತುಂಬಿದ ಜನರ ಎದುರಿಗೆ ತಮ್ಮ ಕೊರಳಿನ ಜನಿವಾರವನ್ನು ಶಿಷ್ಯನ ಕೊರಳಿಗೆ ಹಾಕಿದರು. ಶರೀಫರು ಆ ಸಂಗತಿಯನ್ನೇ ಒಂದು ಪದವಾಗಿ ಹಾಡಿದರು. ಆ ಕಾಲದಲ್ಲಿ ಒಂದು ದಾರ ಕೊರಳಿನಿಂದ ಕೊರಳಿಗೆ ಹೋಗುವುದೆಂದರೆ ಸಣ್ಣ ಮಾತಲ್ಲ. ಅದಕ್ಕಾಗಿ ಬಾವಿಯ ನೀರು ತಪ್ಪಬಹುದಿತ್ತು, ಬೆಂಕಿ ಕೇಳಿದರೆ ಕೊಡದೆ ಇರಬಹುದಿತ್ತು, ಸತ್ತರೆ ಹೆಗಲು ಕೊಡುವವರು ಬಾರದಿರಬಹುದಿತ್ತು.

ಹಾಗಾದರೆ ಅಂದಿಗೂ ಇಂದಿಗೂ ವ್ಯತ್ಯಾಸವೇನು? ನಮಗೆ ಕಾಣುವ ಮೊದಲ ವ್ಯತ್ಯಾಸ ಇದು. ಶರೀಫರನ್ನು ಒಪ್ಪದವರು ಶರೀಫರನ್ನು ಬಲ್ಲವರಾಗಿದ್ದರು. ಅವರ ತಂದೆಯನ್ನು ಬಲ್ಲರು, ಮಗಳು ಸತ್ತ ದುಃಖವನ್ನು ಬಲ್ಲರು, ಮನೆಯಲ್ಲಿ ಜೋಳವಿಲ್ಲದ ದಿನವನ್ನು ಬಲ್ಲರು. ಬೆಳಿಗ್ಗೆ ಅವರನ್ನು ಬಯ್ದವನು ಸಂಜೆ ಅದೇ ಅಗಸಿಯಲ್ಲಿ ಅವರಿಗೆ ಎದುರಾಗುತ್ತಿದ್ದನು. ಬಯ್ದವನ ಮಗನೇ ರಾತ್ರಿ ಭಜನೆಯಲ್ಲಿ ಅವರ ಪದಕ್ಕೆ ತಾಳ ಹಾಕುತ್ತಿದ್ದನು. ಇಂಥ ಕಡೆ ಸಿಟ್ಟು ಬಹಳ ದೂರ ಓಡಲಾರದು, ಬಂದ ದಾರಿಯಲ್ಲೇ ತಿರುಗಿ ಬರಬೇಕಾಗುತ್ತದೆ.

ಎರಡನೆಯದಾಗಿ, ಭೇದವನ್ನು ಆಡಿ ತೀರಿಸಲು ನಮ್ಮ ಹಳ್ಳಿಗಳಲ್ಲಿ ಒಂದು ಜಾಗವಿತ್ತು, ಒಂದು ಪದ್ಧತಿಯಿತ್ತು. ನಿಮ್ಮಲ್ಲಿ ಅನೇಕರು ಹರದೇಶಿ ನಾಗೇಶಿ ಮೇಳಗಳನ್ನು ಕೇಳಿರುತ್ತೀರಿ. ಹರದೇಶಿಯವರು ಗಂಡು ಹೆಚ್ಚೆಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಕಲ್ಗಿ ತುರಾ ಲಾವಣಿಯಲ್ಲಿಯೂ ಶಕ್ತಿ ದೊಡ್ಡವಳೋ ಶಿವನು ದೊಡ್ಡವನೋ ಎಂಬ ವಾದ ಬೆಳತನಕ ನಡೆಯುತ್ತದೆ. ಒಂದು ಮೇಳ ಹಾಡುವಾಗ ಇನ್ನೊಂದು ಮೇಳ ಸುಮ್ಮನೆ ಕೇಳಬೇಕು, ಏಕೆಂದರೆ ಪ್ರಶ್ನೆ ಪೂರ್ತಿ ಕೇಳದಿದ್ದರೆ ಉತ್ತರ ಕಟ್ಟಲು ಬಾರದು. ಸೋತವರು ಗೆದ್ದವರು ಬೆಳಗಾದ ಮೇಲೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಓದು ಬರಹ ಬಾರದ ನಮ್ಮ ಪೂರ್ವಿಕರು ಎದುರಾಳಿಯ ಮಾತನ್ನು ಪೂರ್ತಿ ಕೇಳುವ ಶಿಕ್ಷಣವನ್ನು ಈ ಡಪ್ಪಿನ ಮುಂದೆ ಕುಳಿತು ಪಡೆದರು. ಶರೀಫರ ಪದಗಳು ಬೆಳೆದದ್ದು ಇಂಥ ಮಣ್ಣಿನಲ್ಲಿ. ಅವರು ಮುಲ್ಲಾನ ಡಂಭವನ್ನೂ, ಭಟ್ಟನ ಡಂಭವನ್ನೂ, ನಮ್ಮ ಅಯ್ಯನವರ ಡಂಭವನ್ನೂ ಬಿಡದೆ ಹಾಡಿನಲ್ಲಿ ಹಾಸ್ಯ ಮಾಡಿದರು. ಕೇಳಿದವರು ಮುಖ ಕೆಂಪಗೆ ಮಾಡಿಕೊಂಡಿರಬಹುದು, ಆದರೆ ಕೇಳಿದರು. ಕೇಳಿದ್ದರಿಂದಲೇ ಆ ಪದಗಳು ಅಚ್ಚಿನ ಸಹಾಯವಿಲ್ಲದೆ ಜನರ ನಾಲಗೆಯ ಮೇಲೆ ಉಳಿದು ನಮ್ಮ ತನಕ ಬಂದವು.

ಇಷ್ಟು ಹೇಳಿದ ಮೇಲೆ ಇನ್ನೊಂದು ಸತ್ಯವನ್ನು ಹೇಳದಿದ್ದರೆ ಪೀಠದಲ್ಲಿ ಕುಳಿತ ನಮಗೆ ದೋಷ ಬರುತ್ತದೆ. ಆ ಹಳೆಯ ಕಟ್ಟೆಯ ಮೇಲೆ ಎಲ್ಲರಿಗೂ ಜಾಗವಿರಲಿಲ್ಲ. ಹೊಲಗೇರಿಯವರು ಕಟ್ಟೆಯಿಂದ ದೂರ ನಿಂತು ಕೇಳಬೇಕಿತ್ತು. ಹೆಣ್ಣುಮಕ್ಕಳು ಬಾಗಿಲ ಹಿಂದೆ ನಿಲ್ಲಬೇಕಿತ್ತು. ಅವರಿಗೂ ಅಭಿಪ್ರಾಯಗಳಿದ್ದವು, ಅದನ್ನು ಆಡುವ ಬಾಯಿಗೆ ಅಪ್ಪಣೆ ಇರಲಿಲ್ಲ. ಅಂದು ಊರು ಶಾಂತವಾಗಿತ್ತೆಂದು ನಾವು ಹೇಳುವಾಗ, ಆ ಶಾಂತಿಯಲ್ಲಿ ಎಷ್ಟು ಪಾಲು ಸಹನೆ, ಎಷ್ಟು ಪಾಲು ಭಯ ಎಂದು ವಿಚಾರಿಸಬೇಕು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿತು, ಮಾತಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಇಂದು ಗ್ರಾಮಸಭೆಯಲ್ಲಿ ಗದ್ದಲ ಹೆಚ್ಚಾಗಿದ್ದರೆ ಅದರಲ್ಲಿ ಒಂದು ಭಾಗ ಹೊಸದಾಗಿ ಬಾಯಿ ಬಂದವರ ದನಿ. ಅದನ್ನು ಅಸಹನೆಯೆಂದು ತಿಳಿಯುವುದು ತಪ್ಪು. ಆ ದನಿಯನ್ನು ಕೇಳಲಾಗದ ನಮ್ಮ ಕಿವಿಯೇ ಅಸಹನೆಯ ಮನೆಯಾಗಿರಬಹುದು. ಆದುದರಿಂದ ಕಾಲವೇ ಕೆಟ್ಟಿತೆಂಬ ಮಾತನ್ನು ನಾವು ಪೂರ್ತಿ ಒಪ್ಪಲಾರೆವು. ಮಾತಾಡುವ ಹಕ್ಕು ಹೆಚ್ಚಾಗಿದೆ, ಕೇಳುವ ತಾಳ್ಮೆ ಕಡಿಮೆಯಾಗಿದೆ. ಎರಡೂ ಒಟ್ಟಿಗೆ ನಡೆದಿವೆ.

ಕೇಳುವ ತಾಳ್ಮೆ ಕಡಿಮೆಯಾದದ್ದಕ್ಕೆ ದೃಷ್ಟಾಂತ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಅದೇ ಧಾರವಾಡದ ನೆಲದಲ್ಲಿ ವಚನ ಸಾಹಿತ್ಯಕ್ಕಾಗಿ ಆಯುಷ್ಯವನ್ನೇ ಸವೆಸಿದ ವಿದ್ವಾಂಸರು ಡಾ. ಎಂ. ಎಂ. ಕಲಬುರ್ಗಿಯವರು. ಮಾರ್ಗ ಎಂಬ ಗ್ರಂಥದಲ್ಲಿ ಅವರು ಬರೆದ ಕೆಲವು ವಿಚಾರಗಳನ್ನು 1989ರಲ್ಲಿ ನಮ್ಮ ಸಮಾಜದವರೇ ಒತ್ತಾಯ ಮಾಡಿ ಹಿಂದಕ್ಕೆ ತೆಗೆಸಿದರು. ಆ ವಿಚಾರಗಳನ್ನು ಒಪ್ಪುವ ಬಿಡುವ ಪ್ರಶ್ನೆ ಬೇರೆ. ಪ್ರಶ್ನೆಗೆ ಪ್ರಶ್ನೆಯಿಂದ, ಗ್ರಂಥಕ್ಕೆ ಗ್ರಂಥದಿಂದ ಉತ್ತರ ಕೊಡುವುದು ಶರಣರ ಮಾರ್ಗ. ಅನುಭವ ಮಂಟಪದ ಹೆಸರು ಹೇಳುವ ನಾವು ಅಂದು ಆ ಮಾರ್ಗವನ್ನು ಹಿಡಿಯಲಿಲ್ಲವೆಂಬ ಕೊರಗು ನಮಗಿದೆ. ಮುಂದೆ 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಿಗೆ ಬಂದು ಅವರನ್ನು ಗುಂಡಿಟ್ಟು ಕೊಂದರು. ಶರೀಫರನ್ನು ಬಯ್ದವರು ಊರಿನವರು. ಬಯ್ದ ಮೇಲೆ ಅವರ ಮುಖ ನೋಡಬೇಕಿದ್ದವರು. ಇಲ್ಲಿ ವೃದ್ಧ ವಿದ್ವಾಂಸನ ಬಾಗಿಲಿಗೆ ಬಂದವರು ವಾದ ಮಾಡಲು ಬಂದವರಲ್ಲ, ಉತ್ತರ ಕೇಳಲು ನಿಂತವರಲ್ಲ.

ಇಂದು ಮೊಬೈಲಿನಲ್ಲಿ ಬರುವ ಮಾತುಗಳ ಗತಿಯೂ ಇದೇ. ಎಲ್ಲಿಯವನೋ ಏನನ್ನೋ ಬರೆಯುತ್ತಾನೆ. ಅವನ ಊರು ತಿಳಿಯದು, ತಂದೆ ತಾಯಿ ತಿಳಿಯದು, ಅವನ ಮನೆಯ ಸುಖ ದುಃಖ ತಿಳಿಯದು. ನಮ್ಮ ಹುಡುಗ ಅದನ್ನು ಅರ್ಧ ಓದಿ ನೂರು ಜನಕ್ಕೆ ಕಳಿಸುತ್ತಾನೆ. ಹೊತ್ತು ಮುಳುಗುವುದರೊಳಗೆ ಎರಡು ಓಣಿಗಳು ಎದುರುಬದುರಾಗುತ್ತವೆ. ಸಿಟ್ಟು ಮೊದಲಿನಷ್ಟೇ ಇದೆ, ಅದು ತಿರುಗಿ ಬರಬೇಕಾದ ಅಗಸಿ ಮಾತ್ರ ಇಲ್ಲ.

ಈಗ ಶರೀಫರ ಕೊನೆಯ ದಿನಕ್ಕೆ ಬರುತ್ತೇವೆ. ಈ ಪ್ರಸಂಗವು ಉಳಿದವರಿಗಿಂತ ನಮ್ಮ ಮಠಗಳವರಿಗೆ ಹೆಚ್ಚು ಸಂಬಂಧಿಸಿದ್ದು. 1889ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಶರೀಫರಿಗೆ ತಮ್ಮ ಕಾಲ ಸಮೀಪಿಸಿದ್ದು ತಿಳಿಯಿತು. ನಮ್ಮ ಸಂಪ್ರದಾಯದಲ್ಲಿ ದೇಹ ಬಿಡುವವರಿಗೆ ವಿಭೂತಿ ಧಾರಣ ಮಾಡಿಸಿ, ಜಂಗಮರು ತಲೆಯ ಮೇಲೆ ಪಾದವಿಟ್ಟು ಕಳುಹಿಸುವ ಪದ್ಧತಿಯುಂಟು. ತಮಗೂ ಹಾಗೆಯೇ ಆಗಬೇಕೆಂದು ಶರೀಫರು ಅಪೇಕ್ಷೆಪಟ್ಟರೆಂದು ಆ ಭಾಗದ ಹಿರಿಯರು ಹೇಳುತ್ತಾ ಬಂದಿದ್ದಾರೆ. ಬದುಕಿನುದ್ದಕ್ಕೂ ಶರಣರನ್ನು ಹಾಡಿದವರಿಗೆ ಕೊನೆಗೆ ಆ ಆಸೆ ಬಂದದ್ದು ಸಹಜವೇ. ಆದರೆ ಅಯ್ಯನವರು ಹಿಂಜರಿದರು. ಮುಸಲ್ಮಾನನ ತಲೆಯ ಮೇಲೆ ಪಾದ ಇಡುವುದು ಹೇಗೆ, ನಾಳೆ ಸಮಾಜ ಏನೆಂದೀತು, ಅವರ ಜನ ಏನೆಂದಾರು ಎಂಬ ಭಯ. ಒಬ್ಬರು ಒಲ್ಲೆನೆಂದರು, ಇನ್ನೊಬ್ಬರು ಒಲ್ಲೆನೆಂದರು. ಕೊನೆಗೆ ಹಿರೇಮಠದ ಒಬ್ಬ ಅಯ್ಯನವರು ಅಂಜುತ್ತಲೇ ಮುಂದೆ ಬಂದರು, ಅಂಜುತ್ತಲೇ ಬಲಗಾಲನ್ನು ಎತ್ತಿ ಶರೀಫರ ತಲೆಯ ಮೇಲೆ ಇಟ್ಟರು.

ಭಕ್ತರೇ, ಅಂಜುತ್ತಲೇ ಎಂಬ ಮಾತನ್ನು ನಾವು ಬೇಕೆಂದೇ ಎರಡು ಸಲ ಬಳಸಿದ್ದೇವೆ. ಆ ಅಯ್ಯನವರು ದೊಡ್ಡ ಪಂಡಿತರೆಂದು ಕಥೆ ಹೇಳುವುದಿಲ್ಲ. ಧೈರ್ಯವಂತರೆಂದೂ ಹೇಳುವುದಿಲ್ಲ. ಅವರ ಕಾಲು ನಡುಗುತ್ತಿತ್ತು. ಆದರೂ ಇಟ್ಟರು. ಶರೀಫರ ತಂದೆಯೂ ಒಂದು ಕಟ್ಟನ್ನು ಸಡಿಲಿಸಿದರು, ಗೋವಿಂದ ಭಟ್ಟರೂ ಒಂದು ದಾರವನ್ನು ಕೊರಳಿನಿಂದ ತೆಗೆದರು, ಈ ಅಯ್ಯನವರೂ ಒಂದು ಪಾದವನ್ನು ಎತ್ತಿದರು. ಆ ಕಾಲ ಸಹನೆಯ ಕಾಲವೆಂದು ನಮಗೆ ಇಂದು ಕಾಣುತ್ತಿದ್ದರೆ ಅದು ಈ ಮೂರು ನಾಲ್ಕು ಜನರ ಪುಣ್ಯ. ಕಾಲಕ್ಕೆ ತನ್ನದೇ ಆದ ಸಹನೆ ಎಂಬುದಿಲ್ಲ. ಮಳೆಯಂತೆ ಅದು ಮೇಲಿನಿಂದ ಬೀಳುವುದಿಲ್ಲ. ಯಾರಾದರೂ ಬಾವಿಗೆ ಇಳಿದು ಸೇದಬೇಕು.

ದೇಹ ಬಿಟ್ಟ ಮೇಲೆ ಸಂಸ್ಕಾರ ಯಾವ ಪದ್ಧತಿಯಲ್ಲಿ ಆಗಬೇಕೆಂಬ ವಾದ ಎದ್ದಿತು. ಇವರು ನಮ್ಮವರೆಂದರು, ಅವರೂ ನಮ್ಮವರೆಂದರು. ಬದುಕಿದ್ದಾಗ ಇಬ್ಬರಿಗೂ ಪೂರ್ತಿ ಬೇಡವಾಗಿದ್ದ ಮನುಷ್ಯ ಸತ್ತ ಮೇಲೆ ಇಬ್ಬರಿಗೂ ಬೇಕಾದನು. ಇಂಥ ಹೊತ್ತಿನಲ್ಲಿ ಕಲ್ಲು ಬಡಿಗೆ ಬರಬಹುದಿತ್ತು. ಆದರೆ ಊರ ಹಿರಿಯರು ಎರಡೂ ಆಗಲಿ ಎಂದು ತೀರ್ಮಾನಿಸಿದರು. ಒಂದು ಕಡೆ ಕುರಾನ್ ಪಠಣ, ಇನ್ನೊಂದು ಕಡೆ ಮಂತ್ರ ಪಠಣ ನಡೆಯಿತು. ಶಿಶುನಾಳದ ಗದ್ದುಗೆಗೆ ಹೋದವರು ಇಂದಿಗೂ ನೋಡಬಹುದು, ಹಿಂದೂಗಳೂ ಮುಸಲ್ಮಾನರೂ ಅಲ್ಲಿ ತಮ್ಮ ತಮ್ಮ ರೀತಿಯಲ್ಲಿ ನಡೆದುಕೊಳ್ಳುತ್ತಾರೆ. ಒಬ್ಬರ ಕಾಯಿ ಕರ್ಪೂರದಿಂದ ಇನ್ನೊಬ್ಬರ ಸಕ್ಕರೆ ಓದಿಕೆಗೆ ಮೈಲಿಗೆಯಾಗಿಲ್ಲ. ಅಲ್ಲಿಗೆ ಹೋದವರು ವಾದದಲ್ಲಿ ಯಾರು ಗೆದ್ದರೆಂದು ಕೇಳುವುದಿಲ್ಲ, ಕೈ ಮುಗಿದು ಬರುತ್ತಾರೆ. 1990ರಲ್ಲಿ ಅವರ ಬದುಕು ಸಿನಿಮಾ ಆಗಿ ಬಂದಾಗ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ದೊರೆಯಿತು, ಹಳ್ಳಿಯ ಪದಗಳು ಪಟ್ಟಣದ ಮನೆಗಳನ್ನೂ ಸೇರಿದವು. ಅವರನ್ನು ಹೊಗಳಲು ಈಗ ಯಾರಿಗೂ ಅಂಜಿಕೆಯಿಲ್ಲ. ಸತ್ತು ನೂರು ವರ್ಷವಾದ ಸಂತನನ್ನು ಸಹಿಸುವುದು ಬಹಳ ಸುಲಭ. ಬದುಕಿದ್ದು ಎದುರಿಗೆ ನಿಂತು ಪ್ರಶ್ನೆ ಕೇಳುವವನನ್ನು ಸಹಿಸುವುದೇ ಕಷ್ಟ.

ಈ ಕಥೆಯನ್ನು ನೆನೆದಾಗಲೆಲ್ಲ ನಮ್ಮನ್ನು ನಾವೇ ಕೇಳಿಕೊಳ್ಳುತ್ತೇವೆ. ಇಂದು ರಾತ್ರಿ ನಮ್ಮ ಮಠದ ಬಾಗಿಲಿಗೆ ಅಂಥ ಒಬ್ಬನು ಬಂದು ತಲೆಯೊಡ್ಡಿದರೆ ನಾವು ಪಾದವಿಡುತ್ತೇವೆಯೋ, ಅಥವಾ ಭಕ್ತರು ಏನೆಂದಾರೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇವೆಯೋ. ಇಡುತ್ತೇವೆಂದು ಎದೆ ತಟ್ಟಿ ಹೇಳುವ ಧೈರ್ಯ ನಮಗಿಲ್ಲ. ಅಂಜುತ್ತಲಾದರೂ ಇಡುವಂಥ ಬುದ್ಧಿಯನ್ನು ಶಿವನು ಕೊಡಲೆಂದು ಪ್ರಾರ್ಥಿಸುತ್ತೇವೆ. ಗುರುವಿನ ಕಾಲು ಮುಂದೆ ಬರುವಂತೆ ಮಾಡುವುದು ಭಕ್ತರ ಕೈಯಲ್ಲಿಯೂ ಇದೆ. ಭಕ್ತರು ಕಣ್ಣು ಕೆಂಪಗೆ ಮಾಡಿದರೆ ಎಷ್ಟು ಗುರುಗಳು ನಿಲ್ಲುತ್ತಾರೆ?

ಆ ಹಿರಿಯರಿಗೆ ಅಂದು ರಾತ್ರಿ ನಾವು ಹೇಳಿದ್ದು ಇಷ್ಟೇ. ಮನೆಯಲ್ಲಿ ಮೊಮ್ಮಗನು ನಿಮಗೆ ಹಿಡಿಸದ ಮಾತನ್ನು ಆಡಿದಾಗ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿರಿ. ಪಕ್ಕದ ಓಣಿಯವನ ಮೇಲೆ ಮೊಬೈಲಿನಲ್ಲಿ ಏನಾದರೂ ಬಂದರೆ, ಇನ್ನೊಬ್ಬರಿಗೆ ಕಳಿಸುವ ಮೊದಲು ಎದ್ದು ಹೋಗಿ ಅವನನ್ನೇ ಕೇಳಿ ಬರಲು ಮನೆಯ ಹುಡುಗರಿಗೆ ಹೇಳಿರಿ. ಊರಿನಲ್ಲಿ ಭಜನೆಯ ಗುಡಿ ಮುಚ್ಚಿದ್ದರೆ ಬಾಗಿಲು ತೆಗೆಸಿ ದೀಪ ಹಚ್ಚಿರಿ, ಮೊದಲು ದೂರ ನಿಂತವರನ್ನು ಈ ಸಲ ಒಳಗೆ ಕರೆದು ಮುಂದೆ ಕೂಡ್ರಿಸಿರಿ. ಕಾಲವನ್ನು ಬಯ್ಯುತ್ತಾ ಕುಳಿತರೆ ಕಾಲ ಸುಧಾರಿಸುವುದಿಲ್ಲ. ಪ್ರತಿಯೊಬ್ಬನೂ ತನ್ನ ಮಾಳಿಗೆ ಎಲ್ಲಿ ಸೋರುತ್ತಿದೆಯೆಂದು ನೋಡಿಕೊಂಡು ಒಂದು ಬುಟ್ಟಿ ಮಣ್ಣು ಹಾಕಿದರೆ ಊರ ಮನೆಗಳೆಲ್ಲ ನಿಲ್ಲುತ್ತವೆ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು. ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮನೊಬ್ಬ ಅದೇ ಊರಿನಲ್ಲಿ ಇದ್ದಾನೆಂದೂ, ಬೆಳಗಾಗುತ್ತಲೇ ಅವನ ಮನೆಗೆ ಹೋಗಿ ಬರುವುದಾಗಿಯೂ ಹೇಳಿ, ವಿಭೂತಿ ತೆಗೆದುಕೊಂಡು ಎದ್ದು ಹೋದರು. ಅವರು ಹೋದರೋ ಇಲ್ಲವೋ ನಮಗೆ ಗೊತ್ತಿಲ್ಲ. ಹೋಗಿರಲೆಂದು ಹಾರೈಸುತ್ತೇವೆ.

ಸರ್ವರಿಗೂ ಸನ್ಮಂಗಲವಾಗಲಿ.